ಕೈಗೆಟುಕುವ ಕೊಂಬೆ

ಮಾರ್ಚ್ ಬಂದರೂ ತ್ಸುಗಾರು ಸೀಮೆಯ ಸೇಬಿನ ತೋಟಗಳಲ್ಲಿ ಎದೆಮಟ್ಟ ಹಿಮ ಕಲ್ಲಾಗಿ ಕೂತಿತ್ತು. ಅದರ ಮೇಲೆಯೇ ನಿಂತು ಕೊಂಬೆ ಸವರುವುದು ಅಲ್ಲಿಯವರ ರೂಢಿ. ಕಿನು ಐವತ್ತು ವರ್ಷ ಸವರಿದವಳು. ಈ ವರ್ಷ ಮೊಣಕಾಲು ಕೈಕೊಟ್ಟಿತು, ಏಣಿಯ ಮಾತೇ ಬೇಡ ಎಂದರು ವೈದ್ಯರು. ಪಕ್ಕದ ತೋಟದ ಕಸಾಯ್‌ಗೆ ಅವಳ ತೋಟದ ಮೇಲೆ ಮೊದಲಿನಿಂದಲೂ ಕಣ್ಣು.

"ನೆಲದ ಮೇಲೆ ನಿಂತು ಹಣ್ಣು ಕೀಳೋ ತನಕ ತೋಟ ನಂದು. ಕೈಗೆ ಎಟುಕದಿದ್ದ ದಿನ ನೀನೇ ಇಟ್ಕೋ, ಹೋಗು" ಎಂದು ಅವಳು ಊರೆದುರು ಅವನಿಗೆ ಹೇಳಿಬಿಟ್ಟಿದ್ದಳು. ಗಂಡ ಬಗ್ಗಿಸಿ ಬೆಳೆಸಿದ್ದ ಕೆಳಗೊಂಬೆಗಳು ಇರುವಾಗ ಅವಳಿಗೆ ಯಾರ ಹೆದರಿಕೆ?

ಸವರಲು ಬಂದವನು ಅಳಿಯ ಮೊತೊಕಿ. ಕಿತ್ತಳೆ ಸೀಮೆಯವನು, ಹಿಮವನ್ನು ಚಿತ್ರದಲ್ಲಷ್ಟೇ ನೋಡಿದ್ದ. ಮೂರು ದಿನದ ತರಬೇತಿಗೆ ಹೋಗಿ ತಂದ ಪ್ರಮಾಣಪತ್ರಕ್ಕೆ ಚೌಕಟ್ಟು ಬೇರೆ ಹಾಕಿಸಿದ್ದ. ಸೊಂಟದಲ್ಲಿ ಎರಡು ಕತ್ತರಿ, ಒಂದು ಗರಗಸ, ಎಲ್ಲವೂ ಫಳಫಳ.

"ನೋಡೋ, ಮದುಮಗನ ಮೆರವಣಿಗೆ!" ಎಂದಳು ಕಿನು, ತೋಟದ ಗುಡಿಸಲಿನ ಒಲೆ ಮುಂದೆ ಕೂತು. "ಮೂರು ದಿನಕ್ಕೆ ಪಂಡಿತ. ಆರು ದಿನ ಕಲಿತಿದ್ರೆ ಮರಗಳೇ ಇವನಿಗೆ ಅಡ್ಡಬೀಳ್ತಿದ್ವೋ ಏನೋ."

ಅವಳದೇ ಚಹಾ ಕುಡಿಯುತ್ತಿದ್ದ ಕಸಾಯ್ ಹೊಟ್ಟೆ ಹಿಡಿದು ನಕ್ಕ.

ಅಷ್ಟರಲ್ಲಿ ಮೊತೊಕಿಯೇ ಬಾಗಿಲಿಗೆ ಬಂದ. "ಅತ್ತೆ, ಹಿಮದ ಮೇಲೆ ಮಲಗಿರೋ ಕೊಂಬೆಗಳನ್ನ ಏನ್ ಮಾಡ್ಲಿ? ನೆಲಕ್ಕೆ ತಾಗೋವು ಇರಬಾರದು ಅಂತ ಪಾಠದಲ್ಲಿ ಹೇಳಿದ್ರು."

ಹಿಮ ನೆಲವಲ್ಲ, ಅದು ಕರಗಿದರೆ ಅವೇ ಕೈಗೆಟುಕುವ ಕೊಂಬೆಗಳು ಎಂಬುದು ಆ ಊರಿನ ಕೂಸಿಗೂ ಗೊತ್ತು. "ಮುಟ್ಟಬೇಡಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಸಾಯ್ ನಗಲು ಬಾಯಿ ತೆರೆದು ಕಾದಿದ್ದ.

"ಪ್ರಮಾಣಪತ್ರ ಇರೋದು ಯಾರ ಹತ್ರ, ಅಳಿಯಂದಿರೇ? ಅದನ್ನೇ ಕೇಳಿ."

ಮೊತೊಕಿಯ ಮುಖ ಕೆಂಪಗಾಯಿತು. ಹೊರಟುಹೋದ. ಇನ್ನೊಂದು ಸಲ ಬರಲಿ, ಟೋಪಿ ಕೈಲಿ ಹಿಡಿದು ಕೇಳಲಿ, ಆಗ ಹೇಳಿದರಾಯಿತು ಎಂದುಕೊಂಡಳು ಕಿನು. ಅವನು ಬರಲಿಲ್ಲ. ಅವಮಾನ ಮಾಡಿದವರ ಬಾಗಿಲಿಗೆ ಎರಡನೇ ಸಲ ಯಾರು ಬರುತ್ತಾರೆ? ಕಿಟಕಿಯ ಗಾಜಿಗೆ ಹಬೆ ಕಟ್ಟಿತ್ತು. ಒರೆಸಿ ನೋಡುವ ಗೋಜಿಗೂ ಅವಳು ಹೋಗಲಿಲ್ಲ. ಗಾಜಿನ ಹತ್ತಿರವೇ ಕೂತಿದ್ದ ಕಸಾಯ್ ಒಮ್ಮೆ ಬೆರಳಿಂದ ಉಜ್ಜಿ ಹೊರಗೆ ನೋಡಿದ. "ಚೆನ್ನಾಗಿ ಕೆಲಸ ಮಾಡ್ತಿದಾನೆ, ಬಿಡಕ್ಕ" ಎಂದು ಇನ್ನೊಂದು ಲೋಟ ಚಹಾ ಕೇಳಿದ.

ಏಪ್ರಿಲ್ ಕೊನೆಗೆ ಹಿಮ ಕರಗಿತು. ಕಿನು ಕೋಲೂರಿಕೊಂಡು, ಅಳಿಯನ ಜೊತೆ ತೋಟಕ್ಕೆ ಬಂದಳು. ಮರಗಳೆಲ್ಲ ಹೊಳೆ ದಾಟಲು ಬಟ್ಟೆ ಮೇಲೆತ್ತಿದವರಂತೆ ಬರಿಗಾಲಲ್ಲಿ ನಿಂತಿದ್ದವು. ಆಳು ಕೈಯೆತ್ತುವ ಎತ್ತರದವರೆಗೆ ಒಂದು ಕೊಂಬೆ ಇಲ್ಲ. ಒಂದೇ ಒಂದು ಮರದಲ್ಲೂ ಇಲ್ಲ.

"ನಾನು ಬಂದು ಕೇಳಿದ್ದೆ, ಅತ್ತೆ" ಎಂದ ಮೊತೊಕಿ.

ಬೈಗುಳ ಕಿನುವಿನ ನಾಲಿಗೆ ತುದಿಗೇ ಬಂದಿತ್ತು. ಯಾವುದನ್ನು ಎತ್ತಿಕೊಂಡರೂ ಅದು ತನಗೇ ಒಪ್ಪುವಂತಿತ್ತು. ಕೋಲು ಬಿಸಾಡಿ, ನೋಯುವ ಕಾಲಿನ ಹಿಮ್ಮಡಿ ಎತ್ತಿ, ಉಳಿದ ಕೊಂಬೆಯತ್ತ ಕೈ ಚಾಚಿದಳು. ಒಂದು ಗೇಣು ಕಡಿಮೆಯಾಯಿತು.

ಬೇಲಿಯಾಚೆ ಕಸಾಯ್ ನಿಂತಿದ್ದ. ಈ ಸಲ ನಗಲಿಲ್ಲ. ಟೋಪಿ ತೆಗೆದು ಸೊಂಟದವರೆಗೆ ಬಾಗಿ, ದುಡಿಮೆ ಮುಗಿಸಿ ಮನೆಗೆ ಹೊರಟವರಿಗೆ ಸಂಜೆ ಹೇಳುವ ಮಾತನ್ನು ಹೇಳಿದ.

"ಬಹಳ ದಣಿದಿರಿ, ಅಕ್ಕ."

ಆಗಿನ್ನೂ ಬೆಳಗಿನ ಒಂಬತ್ತು ಗಂಟೆ.