ನನ್ನ ಕೆಳಗೊಂದು ಗೀಟು

ನಾನು ಒಂದು ಶಾಯಿಯ ಗೀಟು. ಓಟು ಹಾಕಲು ಬಂದವರ ಎಡಗೈ ತೋರುಬೆರಳಿನ ಉಗುರಿಗೆ ಎಳೆಯುತ್ತಾರಲ್ಲ, ಅದೇ. ಹುಟ್ಟಿದ್ದು ಮೈಸೂರಿನಲ್ಲಿ. ಸೀಸೆಯೊಳಗೆ ನೇರಳೆಯಾಗಿದ್ದೆ, ಬೆಳಕು ಬಿದ್ದ ಮೇಲೆ ಕಪ್ಪಾದೆ. ನನಗೆ ಕಲಿಸಿದ್ದು ಒಂದೇ ಮಾತು: ಇವರು ಬಂದಿದ್ದರು. ಅದನ್ನೇ ಹೇಳುತ್ತಾ ಉಗುರಿನ ಜೊತೆ ಮುಂದೆ ಸರಿದು, ತುದಿ ಮುಟ್ಟಿ, ಒಂದು ದಿನ ಬ್ಲೇಡಿಗೆ ಸಿಕ್ಕಿ ಉದುರುವುದು. ನಮ್ಮ ಆಯುಸ್ಸೇ ನಾಲ್ಕೈದು ತಿಂಗಳು.

ನನ್ನ ಪಾಲಿಗೆ ಬಂದದ್ದು ಗುಂಡ್ಲುಪೇಟೆಯ ಬಳೆ ಅಂಗಡಿ ಚಿಕ್ಕತಾಯಮ್ಮನ ಬೆರಳು. ಏಪ್ರಿಲ್ ಕೊನೆಯ ಬಿಸಿಲು. ಶಾಲೆಯ ಕೋಣೆಯಲ್ಲಿ ಕಡ್ಡಿ ಅದ್ದಿ ಹಿಡಿದಿದ್ದ ಅಧಿಕಾರಿ ಅವಳ ಉಗುರು ನೋಡಿ ಕೈ ತಡೆದ.

"ಏನಮ್ಮಾ, ಇನ್ನೊಂದು ಬೂತಲ್ಲಿ ಆಗಲೇ ಹಾಕಿ ಬಂದಿದ್ದೀಯಾ? ಗೀಟು ಇದೆಯಲ್ಲ!"

"ಅಯ್ಯೋ, ಇದು ಓಟಿಂದಲ್ಲ ಕನ ಸ್ವಾಮಿ. ಬಳೆ ಪೆಟ್ಗೆ ಮುಚ್ಚಳ ಬಿದ್ದದ್ದು. ಎಲ್ಡು ವರ್ಸದಿಂದ ಅಂಗೇ ಅದ."

ಹಿಂದೆ ನಿಂತಿದ್ದ ಜಯಶೀಲ ನಕ್ಕಳು. ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಚಿಕ್ಕತಾಯಮ್ಮನ ಪಕ್ಕದ ಮನೆಯವಳು. "ನಮ್ ಚಿಕ್ಕವ್ವ ಒಂದು ಓಟ್ಗೆ ಅಂಗ್ಡಿ ಬುಟ್ಟು ಬಂದದ್ದೇ ಹೆಚ್ಚು ಸಾರ್. ಎಲ್ಡು ಹಾಕಾರಾ?"

ಅಧಿಕಾರಿಯೂ ನಕ್ಕ. ಪಟ್ಟಿ ನೋಡಿದ. ನನ್ನನ್ನು ಆ ಗೀಟಿನ ಮೇಲೆಯೇ ಎಳೆದ. ಹಾಗೆ ನಾನು ಅದನ್ನು ಮುಚ್ಚಿಬಿಟ್ಟೆ.

ತಿಂಗಳು ಕಳೆಯುವುದರೊಳಗೆ ನನಗೆ ದಿಗಿಲಾಯಿತು. ನಾನು ಉಗುರಿನ ಮೇಲಿದ್ದೆ, ಆ ಹಳೆಯ ಗೀಟು ಉಗುರಿನ ಕೆಳಗಿತ್ತು. ನಾನು ಬುಡ ಬಿಟ್ಟು ಸರಿದರೆ ಹಿಂದೆ ಬೆಳ್ಳಗಿನ ಉಗುರು ಹುಟ್ಟಬೇಕು. ಹುಟ್ಟುವ ಉಗುರೂ ಕಪ್ಪಾಗಿಯೇ ಹುಟ್ಟುತ್ತಿತ್ತು. ಪೆಟ್ಟು ಬಿದ್ದು ಕಟ್ಟಿದ ರಕ್ತವಾಗಿದ್ದರೆ ಎರಡು ವರ್ಷದಲ್ಲಿ ನಡೆದು ಹೋಗಿರುತ್ತಿತ್ತು. ಇದು ನಡೆಯುವ ಜಾತಿಯಲ್ಲ. ಬುಡದಲ್ಲಿ ಕೂತು ಅಗಲವಾಗುವ ಜಾತಿ. ಕೂಗಿ ಹೇಳೋಣವೆಂದರೆ ನನಗೆ ಬರುವುದು ಒಂದೇ ಮಾತು.

ಜೂನಿನಲ್ಲಿ ಅವಳಿಗೆ ಜ್ವರ ಬಂತು. ಪಕ್ಕದ ಬೀದಿಯ ಡಾಕ್ಟರು ನಾಡಿ ಹಿಡಿಯುವಾಗ ಬೆರಳು ನೋಡಿದರು. "ಓಟಿನ ಶಾಯಿ ಇನ್ನೂ ಹೋಗಿಲ್ವಾ? ನಂದೂ ಹಾಗೇ ಇದೆ ನೋಡಿ" ಎಂದು ತಮ್ಮ ಬೆರಳು ತೋರಿಸಿದರು.

ಚಿಕ್ಕತಾಯಮ್ಮ ಬಾಯಿ ತೆರೆದಳು, ಮುಚ್ಚಿಕೊಂಡಳು. ಅದು ಹಳೆಯದೆಂದು ಅವಳಿಗೆ ಗೊತ್ತಿತ್ತು. ಆದರೆ ಡಾಕ್ಟರೇ ಶಾಯಿ ಎಂದ ಮೇಲೆ ಇನ್ನೇನು? ಹೊರಗೆ ಬಂದು ಬೆರಳನ್ನು ಸೆರಗಿಗೆ ಒರೆಸಿ, "ಶಾಯಿಯಂತೆ" ಎಂದು ತನಗೆ ತಾನೇ ಹೇಳಿಕೊಂಡಳು. ಆ ದಿನ ಅವಳ ಕೈ ಹಗುರವಾಗಿತ್ತು. ನಾಚಿಕೆಯಾದದ್ದು ನನಗೆ.

ಗೌರಿ ಹಬ್ಬ ಬಂತು. ಅಂಗಡಿ ತುಂಬಾ ಹೆಂಗಸರು. ಹಸಿರು ಬಳೆ ತೊಡಿಸಲು ಚಿಕ್ಕತಾಯಮ್ಮ ಜಯಶೀಲಳ ಕೈ ಹಿಡಿದಾಗ ಇಬ್ಬರ ತೋರುಬೆರಳೂ ಅಕ್ಕಪಕ್ಕ ಬಂದವು.

"ಚಿಕ್ಕವ್ವಾ, ತಡಿ. ನಾವಿಬ್ರೂ ಒಂದೇ ದಿನ ಹಾಕಿಸ್ಕಂಡದ್ದು. ನಂದು ತುದಿಗೆ ಬಂದು ಉದುರ್ತಾ ಅದ. ನಿಂದು ಬುಡದಿಂದ್ಲೇ ಅದಲ್ಲ!"

"ವಯಸ್ಸಾಯ್ತು ಕನವ್ವ, ಉಗುರು ಬೆಳಿಯಕಿಲ್ಲ."

"ಬೆಳಿದೇ ಇದ್ರೆ ವಾರವಾರ ಕತ್ತರಿಸದು ಏನ? ನೋಡು, ಉಗುರು ದಾಟಿ ತೊಗಲ್ಗೂ ಬಂದದ."

ಚಿಕ್ಕತಾಯಮ್ಮ ಬಗ್ಗಿ ನೋಡಲಿಲ್ಲ. "ಹಬ್ಬ ಮುಗೀಲಿ" ಎಂದಳು. ಮುಗಿದ ಮಾರನೆಯ ದಿನ ಜಯಶೀಲ ರಜೆ ಹಾಕಿ ಅವಳನ್ನು ಮೈಸೂರಿನ ಬಸ್ಸು ಹತ್ತಿಸಿದಳು.

ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. ಹತ್ತೂ ಬೆರಳು ನೋಡಿದರು, ಕಾಲಿನ ಉಗುರೂ ನೋಡಿದರು. ಕೊನೆಗೆ ಕಂಕುಳು ಒತ್ತಿದರು. ಅಲ್ಲೊಂದು ಗಂಟಿನ ಮೇಲೆ ಅವರ ಕೈ ನಿಂತಿತು.

"ಉಗುರು ತೆಗೆದು, ಬುಡದಿಂದ ಒಂದು ಚೂರು ಪರೀಕ್ಷೆಗೆ ಕಳಿಸಬೇಕಮ್ಮ. ಮೆಲನೋಮ ಅಂತ ನನ್ನ ಅನುಮಾನ. ಚರ್ಮಕ್ಕೆ ಬಣ್ಣ ಕೊಡೋ ಕಣದಲ್ಲಿ ಹುಟ್ಟೋ ಕ್ಯಾನ್ಸರು. ಅದೇ ಆದರೆ ಬೆರಳು ತೆಗೀಬೇಕಾಗುತ್ತೆ."

"ಈ ಬೆರಳಲ್ಲೇ ಕನವ್ವ ನಾನು ಹೆಣ್ಮಕ್ಕಳ ಕೈ ಮೆತ್ತಗೆ ಮಡಿಸಾದು. ಇದು ಹೋದ್ರೆ ಬಳೆ ಹೆಂಗ ತೊಡಿಸ್ಲಿ?"

ಡಾಕ್ಟರಮ್ಮ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. ಅವರ ಮುಖ ನೋಡಲಾರದೆ ಚಿಕ್ಕತಾಯಮ್ಮನೇ ಮಾತು ತೇಲಿಸಿದಳು. "ಓಗ್ಲಿ, ಮುಂದಿನ್ ಓಟ್ಗೆ ಗೀಟು ಎಲ್ಲಿ ಎಳ್ದಾರು?"

"ಪಕ್ಕದ ಬೆರಳಿಗೆ ಎಳೀತಾರೆ."

"ಅಂಗಾರೆ ಬತ್ತೀನಿ ಬುಡಿ" ಎಂದು ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಅವರ ಕೈ ಇನ್ನೂ ಕಂಕುಳಿನ ಆ ಗಂಟಿನ ಮೇಲೆಯೇ ಇತ್ತು.

ಬೆರಳಿಗೆ ಮರಗಟ್ಟುವ ಸೂಜಿ ಹಾಕಿ ಉಗುರು ಎಬ್ಬಿಸಿದರು. ತುದಿಯಲ್ಲಿ ಚೂರೇ ಚೂರು ಉಳಿದಿದ್ದ ನಾನೂ ಅದರ ಜೊತೆ ಬಾಟಲಿಗೆ ಬಿದ್ದೆ. ಕಣ್ಣು ಉರಿಸುವ ನೀರು. ಮೇಲೆ ಅವಳ ಹೆಸರು, ನಂಬರು. ಈಗ ನನ್ನ ಮನೆ ಲ್ಯಾಬಿನ ಶೆಲ್ಫು.

ಹತ್ತು ದಿನಕ್ಕೆ ಅನುಮಾನ ನಿಜವಾಯಿತು. ಮತ್ತೆ ಎರಡು ವಾರಕ್ಕೆ ನನ್ನ ಪಕ್ಕ ಒಂದು ದೊಡ್ಡ ಬಾಟಲಿ ಬಂದು ಕೂತಿತು. ಅದೇ ಹೆಸರು. ಒಳಗೆ ಅವಳ ಬೆರಳು. ಅದರ ಪಕ್ಕದ ಬಾಟಲಿಯಲ್ಲಿ ಕಂಕುಳಿನ ಗಂಟು.

ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ ಲ್ಯಾಬಿನ ಡಾಕ್ಟರು, "ಗಂಟಿನಲ್ಲೂ ಇದೆ, ಬರ್ಕೊಳ್ಳಿ" ಎಂದರು. "ಎರಡು ವರ್ಷದ ಗೀಟಂತೆ. ಆಗಲೇ ಬಂದಿದ್ದರೆ ಬೆರಳಲ್ಲೇ ಮುಗೀತಿತ್ತೇನೋ."

"ಜೂನಲ್ಲಿ ಯಾರೋ ಡಾಕ್ಟ್ರು ಶಾಯಿ ಅಂದು ಕಳಿಸಿದ್ರಂತೆ, ಆಗ ಬಂದಿದ್ರೆ ಸಾರ್?" ಬರೆಯುತ್ತಿದ್ದ ಹುಡುಗಿ ಕೇಳಿದಳು.

"ಯಾರಿಗೆ ಗೊತ್ತಮ್ಮ."

ಆ ಪ್ರಶ್ನೆ ನನಗೇ ಕೇಳಿದ್ದೆಂದು ಇಂದಿಗೂ ಅನ್ನಿಸುತ್ತದೆ.

ರಿಪೋರ್ಟು ಒಯ್ಯಲು ಬಂದ ಜಯಶೀಲ ಕಿಟಕಿಯಾಚೆ ನಿಂತು ಆ ಹುಡುಗಿಗೆ ಹೇಳುತ್ತಿದ್ದಳು. "ಶ್ವಾಸಕೋಶದಲ್ಲೂ ಚುಕ್ಕೆ ಅವಂತೆ. ಮೂರು ವಾರಕ್ಕೊಂದ್ಸಲ ಔಷ್ದಿ ಏರಿಸ್ತಾರಂತೆ, ಸ್ವಲ್ಪ ದಿನ ತಡೆದಾದು ಅಂತ. ವಾಸಿ ಆಯ್ತದ ಅಂತ ಒಬ್ರೂ ಬಾಯಿ ಬುಟ್ಟು ಅನ್ನಿಲ್ಲ ಕನಮ್ಮ. ಅವ್ಳು ಮಾತ್ರ ಮಿಕ್ಕ ಬೆರಳಲ್ಲಿ ಬಳೆ ತೊಡಿಸಾದ್ನ ನನ್ ಕೈ ಮ್ಯಾಲೆ ಕಲಿತಾವ್ಳೆ. ದಿನಕ್ಕೆ ಎಲ್ಡು ಒಡೀತಾಳೆ. ನಾನು ಸುಮ್ಕೆ ಕೈ ಕೊಟ್ಕಂಡು ಕೂತಿರ್ತೀನಿ."

ವರದಿ ಮುಗಿದ ಬಾಟಲಿಗಳನ್ನು ನಾಳೆ ಸುಡಲು ಒಯ್ಯುತ್ತಾರಂತೆ. ಒಯ್ಯಲಿ. ಮುಚ್ಚಿಡುವುದು ನನ್ನ ಕೆಲಸವಾಗಿರಲಿಲ್ಲ, ಆದರೂ ಮುಚ್ಚಿದೆ. ಮುಂದಿನ ಓಟಿಗೆ ಇನ್ನೂ ವರ್ಷಗಳಿವೆ, ಅವಳ ಪಕ್ಕದ ಬೆರಳಿಗೆ ಅಷ್ಟು ಸಮಯವಿಲ್ಲ. ಅಂದು ಆ ಶಾಲೆಯ ಕೋಣೆಯಲ್ಲಿ ಅವಳ ಹೆಸರು ಕೂಗಿದರೂ ಯಾರೂ ಕೈ ಚಾಚುವುದಿಲ್ಲ. ಅದಕ್ಕೇ ನನಗೆ ಬರುವ ಒಂದೇ ಮಾತನ್ನು ನಾಳೆಯವರೆಗೂ ಈ ಗಾಜಿನೊಳಗಿಂದ ಹೇಳುತ್ತಿರುತ್ತೇನೆ: ಇವಳು ಬಂದಿದ್ದಳು.