ಗುಂಡಿ ಬಿಟ್ಟು ಕೇಳಿ

ನಮ್ಮೂರಿನ ಕೆಳಬೀದಿಗೆ ಮಳೆಗಾಲದಲ್ಲಿ ಹೊಳೆ ನುಗ್ಗುವುದು ಹೊಸದೇನಲ್ಲ. ನೀರು ಹೊಸ್ತಿಲು ದಾಟಿದರೆ ಜನ ಸಾಮಾನನ್ನು ಅಟ್ಟಕ್ಕೆ ಏರಿಸುತ್ತಾರೆ. ಕಿಟಕಿ ಮುಟ್ಟುವ ಹಾಗೆ ಕಂಡರೆ ತಾವೇ ಮೇಲ್ಬೀದಿಗೆ ಏರುತ್ತಾರೆ. ಏರಲಾಗದವರನ್ನು ಕರೆತರಲು ಊರಿನ ಹದಿನಾಲ್ಕು ಜನ ಸೇರಿ ಸ್ವಯಂಸೇವಕರ ದಳ ಕಟ್ಟಿಕೊಂಡಿದ್ದೇವೆ. ಶಾಲೆಯ ಹಿಂದಿನ ಶೆಡ್ಡೇ ಕಚೇರಿ. ಒಂದು ದೋಣಿ, ಒಂದಿಷ್ಟು ಹಗ್ಗ, ಆರು ವಾಕಿಟಾಕಿ ಸೆಟ್ಟು. ನಾನು ನಿವೃತ್ತ ಮೇಷ್ಟ್ರು, ಈಜು ಬಾರದು. ಹಾಗಾಗಿ ಶೆಡ್ಡಿನಲ್ಲಿ ಕೂತು, ಬಂದ ಸುದ್ದಿಯನ್ನು ಗಂಟೆ ನಿಮಿಷದ ಸಮೇತ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ.

ದಳದಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳೇ. ಅಣ್ಣ ಬಡಗಿ. ಅವನು ಮಾತಾಡಿದರೆ ಹೊಳೆಯಾಚೆಗೂ ಕೇಳಿಸುತ್ತದೆ, ಅವನಿಗೆ ಸೆಟ್ಟು ಯಾಕೆ ಎಂದು ಎಲ್ಲರೂ ನಗುತ್ತಿದ್ದೆವು. ತಮ್ಮ ಸೈಕಲ್ ರಿಪೇರಿಯವನು. ಮಾತು ಕಡಿಮೆ. ಅಣ್ಣ ಹೂಂ ಅಂದರೆ ಸಾಕು, ನೀರಿಗಿಳಿಯುತ್ತಿದ್ದ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಕೆಳಬೀದಿಯಲ್ಲಿ ಮೊಣಕಾಲುದ್ದ ನೀರಿತ್ತು. ಕೊನೆಯ ಮನೆಯ ಮುದುಕ ದರ್ಜಿಯನ್ನು ಕರೆತರಲು ತಮ್ಮ ಒಬ್ಬನೇ ಹೋಗಿದ್ದ. ಅಣ್ಣ ಬೀದಿಯ ತುದಿಯಲ್ಲಿ ದೋಣಿ ಹಿಡಿದು ನಿಂತಿದ್ದ. ನೋಡಿದರೆ ದೋಣಿಯಲ್ಲಿ ಹಗ್ಗವಿಲ್ಲ. ಸೆಟ್ಟು ಎತ್ತಿಕೊಂಡು ಗುಂಡಿ ಒತ್ತಿ ಶುರು ಮಾಡಿದ.

"ಹಗ್ಗ ಯಾರು ತಗೊಂಡ್ರಿ? ತಗೊಂಡೋರು ವಾಪಸ್ ಇಡಬೇಕು ಅಂತ ಎಷ್ಟು ಸಲ ಬಡ್ಕೊಳ್ಲಿ? ಹೋದ ಸಲಾನೂ ಹಿಂಗೇ ಆಯ್ತು..."

ಅದೇ ಹೊತ್ತಿಗೆ ಶೆಡ್ಡಿನ ಟೆಲಿಫೋನ್ ಹೊಡೆದುಕೊಂಡಿತು. ಮೇಲಿನ ಕೆರೆಯ ಕಾವಲುಗಾರ. "ಮೇಷ್ಟ್ರೇ, ಕೆರೆ ಏರಿ ಒಡೀತು. ನೀರು ನಿಮ್ ಕಡೆ ಬರ್ತಿದೆ. ಬೀದಿ ಖಾಲಿ ಮಾಡ್ಸಿ."

ನಾನು ಸೆಟ್ಟಿನ ಗುಂಡಿ ಒತ್ತಿ ಕೂಗಿದೆ. ಬಿಟ್ಟು ಕೇಳಿದರೆ ಬಡಗಿಯ ದನಿ, ಇನ್ನೂ ಹಗ್ಗದ ಮಾತು. ಮತ್ತೆ ಕೂಗಿದೆ. ಮತ್ತೆ ಅದೇ ದನಿ. ಮೂರು ಸಲ ಕರೆದೆ. ಎರಡು ನಲವತ್ತೊಂದು, ಎರಡು ನಲವತ್ತೊಂದೂವರೆ, ಎರಡು ನಲವತ್ತೆರಡು. ನಾಲ್ಕನೆಯ ಸಲ ಕರೆಯುವಾಗ ಎರಡು ನಲವತ್ತಮೂರು. ಆಗ ಬಡಗಿ ಗುಂಡಿ ಬಿಟ್ಟಿದ್ದ, ಕೇಳಿಸಿಕೊಂಡ. ಅಷ್ಟರಲ್ಲಿ ನೀರು ಬೀದಿಗೆ ಬಂದಾಗಿತ್ತು.

ದರ್ಜಿ ಉಳಿದ. ತಮ್ಮ ಅವನನ್ನು ಹೆಗಲ ಮೇಲೆ ಹೊತ್ತು ಮನೆಯ ಮಾಡಿನ ಮೇಲಕ್ಕೆ ತಳ್ಳಿದ್ದ. ತಾನು ಹತ್ತಲು ಹೊತ್ತಿರಲಿಲ್ಲ. ಎರಡು ದಿನದ ಮೇಲೆ ಅವನ ದೇಹ ಸಿಕ್ಕಿತು.

ಬಡಗಿ ಅಂದಿನಿಂದ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ಮೇಷ್ಟ್ರು ಕರೆದ್ರು. ನಂಗೆ ಕೇಳಿಸ್ತು, ಅವನಿಗೂ ಕೇಳಿಸಿರುತ್ತೆ. ಮೊಂಡ, ಬರ್ಲಿಲ್ಲ." ಹೇಳಿ ಉಳಿ ಹಿಡಿದು ಕೂರುತ್ತಿದ್ದ. ಮರ ಮಾತ್ರ ಹಾಗೇ ಇರುತ್ತಿತ್ತು.

ತಿಂಗಳಾದ ಮೇಲೆ ತಮ್ಮನ ಹೆಂಡತಿ ಶೆಡ್ಡಿಗೆ ಬಂದು ಪುಸ್ತಕ ನೋಡಬೇಕೆಂದಳು. ನಾನು ತೋರಿಸಿದೆ. ನನ್ನ ನಾಲ್ಕು ಕರೆ, ನಡುವೆ ಬಡಗಿಯ ಮಾತು, ಎಲ್ಲವನ್ನೂ ನಿಂತೇ ಓದಿದಳು. "ಭಾವನಿಗೆ ಇದು ಗೊತ್ತಾ?" ಎಂದು ಕೇಳಿದಳು.

"ಇಲ್ಲಮ್ಮ. ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ."

ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಹೋದಳು.

ಈ ಬೇಸಿಗೆಯಲ್ಲಿ ನಮಗೆ ವಾಕಿಟಾಕಿ ತರಬೇತಿ ಕೊಡಲು ಒಬ್ಬರು ಒಪ್ಪಿದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು. ಎಲ್ಲರೂ ಅವರನ್ನು ಟೆಲಿಫೋನ್ ಅಕ್ಕ ಎನ್ನುತ್ತಾರೆ. ಶಾಲೆಯಲ್ಲಿ ನಾಲ್ಕು ಭಾನುವಾರದ ಪಾಠ. ನಾನು ಬಡಗಿಯ ಮನೆಗೆ ಕರೆಯಲು ಹೋದೆ.

"ಮಾತಾಡೋಕೆ ಕ್ಲಾಸಾ ಮೇಷ್ಟ್ರೇ? ಹುಟ್ಟಿದಾಗಿಂದ ಮಾತಾಡ್ತಾನೇ ಇದೀನಲ್ಲ" ಎಂದ.

"ನಿಲ್ಸೋದನ್ನ ಕಲಿಸ್ತಾರೇನೋ, ಹೋಗಿ ಬನ್ನಿ" ಎಂದು ಒಳಗಿಂದ ಅವನ ಹೆಂಡತಿ ಅಂದಳು.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ನಾನು ಹೆಸರು ಕೊಟ್ಟಿದೀನಿ, ಭಾವ."

ಬಡಗಿಯ ಮುಖ ಇಳಿಯಿತು. "ಬೇಡ ಕಣಮ್ಮ. ಈ ಮನೆಯಿಂದ ಒಬ್ಬ ಹೋಗಿದ್ದು ಸಾಲ್ದಾ?"

"ಅದಕ್ಕೇ ಹೋಗ್ತಿದೀನಿ. ನೀವೂ ಬನ್ನಿ."

ಅವಳ ಮೇಲೆ ಒಂದು ಕಣ್ಣಿರಲಿ ಎಂದು ಅವನೂ ಬಂದ.

ಮೊದಲ ಭಾನುವಾರ ಟೆಲಿಫೋನ್ ಅಕ್ಕ ಬಡಗಿಯ ಕೈಗೆ ಒಂದು ಸೆಟ್ಟು ಕೊಟ್ಟರು. "ಅಣ್ಣ, ನಿಮ್ಮ ಕೆಲಸದ ಬಗ್ಗೆ ಒಂದು ನಿಮಿಷ ಮಾತಾಡಿ. ಗುಂಡಿ ಬಿಡಬೇಡಿ." ಬಡಗಿ ಬಾಗಿಲು ಮಾಡುವುದು ಹೇಗೆಂದು ಹೇಳಿದ. ಮಾತು ಮುಗಿಯಿತು.

"ಏನಾದ್ರೂ ಕೇಳಿಸ್ತಾ ನಿಮಗೆ?"

"ಇಲ್ಲ. ಯಾರೂ ಮಾತಾಡ್ಲಿಲ್ಲವಲ್ಲ."

ಪಕ್ಕದ ಕೋಣೆಯಿಂದ ಅಕ್ಕ ಇಬ್ಬರನ್ನು ಕರೆದರು. ಇಬ್ಬರ ಕೈಯಲ್ಲೂ ಸೆಟ್ಟಿತ್ತು. "ಇವರಿಬ್ಬರೂ ನಿಮ್ಮನ್ನ ಐದೈದು ಸಲ ಕರೆದ್ರು. ದಾರಿ ಒಂದೇ ಅಣ್ಣ. ನೀವು ಗುಂಡಿ ಒತ್ತಿದ್ರೆ ಆ ದಾರಿ ತುಂಬಿಹೋಯ್ತು. ನಿಮಗೂ ಕೇಳಲ್ಲ, ನಿಮ್ಮ ಹತ್ರ ಇರೋರಿಗೆ ನಿಮ್ಮ ದನಿ ಬಿಟ್ಟು ಬೇರೇದು ಕೇಳಲ್ಲ."

ಬಡಗಿ ಕೈಯಲ್ಲಿದ್ದ ಸೆಟ್ಟನ್ನೇ ನೋಡುತ್ತಿದ್ದ. ನನ್ನ ಕಡೆ ತಿರುಗಿ, "ಮೇಷ್ಟ್ರೇ, ಆವತ್ತು ನೀವು ಕರೆದಿದ್ದು ಒಂದೇ ಸಲಾನಾ?" ಎಂದ.

ನನಗೆ ಸುಳ್ಳು ಹೇಳಲಾಗಲಿಲ್ಲ. ಪುಸ್ತಕ ತಂದುಕೊಟ್ಟೆ. ಅವನು ಅದನ್ನು ಹಿಡಿದುಕೊಂಡು ಶಾಲೆಯ ಜಗಲಿಗೆ ಹೋಗಿ ಕೂತ. ತಮ್ಮನ ಹೆಂಡತಿಯೂ ಹೋಗಿ ತುಸು ದೂರದಲ್ಲಿ ಕೂತಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ."

"ಇಷ್ಟು ತಿಂಗಳು ಅವನನ್ನ ಮೊಂಡ ಅಂತಿದ್ದೆ. ನಿನ್ನೆದುರಿಗೇ ಅಂತಿದ್ದೆ. ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನೂ ಕಳ್ಕೋತಿದ್ವಿ." ಅವಳೇ ಮುಂದುವರಿಸಿದಳು. "ಸಿಟ್ಟಿಲ್ಲ ಅಂತ ಹೇಳಲ್ಲ. ಇದೆ. ನೀವು ಜೋರಾಗಿ ಮಾತಾಡಿದಾಗೆಲ್ಲ ಎದ್ದು ಹಿತ್ತಲಿಗೆ ಹೋಗ್ತೀನಿ. ಆದ್ರೆ ನಿಮಗೆ ಯಾರೂ ಕಲಿಸಿರ್ಲಿಲ್ಲ. ನಮಗ್ಯಾರಿಗೂ ಕಲಿಸಿರ್ಲಿಲ್ಲ."

ಅಷ್ಟು ದೊಡ್ಡ ದನಿಯ ಮನುಷ್ಯ ಸದ್ದಿಲ್ಲದೆ ಅತ್ತ. ಅವಳು ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ.

ಉಳಿದ ಮೂರು ಭಾನುವಾರವೂ ಬಡಗಿ ಎಲ್ಲರಿಗಿಂತ ಮೊದಲೇ ಬಂದು ಕೂತ. ಮೊದಲು ಕೇಳಬೇಕು, ದಾರಿ ಖಾಲಿ ಇದೆಯೋ ಇಲ್ಲವೋ ಎಂದು. ಗುಂಡಿ ಒತ್ತಿ ಒಂದು ಉಸಿರು ತಡೆದು ಮಾತು ಶುರು ಮಾಡಬೇಕು. ಯಾರನ್ನು ಕರೆಯುತ್ತೇವೋ ಅವರ ಹೆಸರು ಮೊದಲು, ನಮ್ಮದು ಆಮೇಲೆ. ಎಲ್ಲಿ, ಎಷ್ಟು ಜನ, ಏನು ಬೇಕು, ಅಷ್ಟೇ. ಮುಗಿಯಿತು ಎನ್ನಲು 'ಓವರ್' ಎಂದು ಗುಂಡಿ ಬಿಡಬೇಕು. ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಬೈಗುಳ, ದೂರು, ಹಗ್ಗದ ಲೆಕ್ಕ ಎಲ್ಲ ಶೆಡ್ಡಿಗೆ ಬಂದ ಮೇಲೆ. ಪರೀಕ್ಷೆಯಲ್ಲಿ ಬಡಗಿ ಎರಡು ಸಲ ತಪ್ಪಿದ, ಮಾತು ಉದ್ದವಾಯಿತೆಂದು. ಮೂರನೆಯ ಸಲ ಪಾಸಾದ.

ಟೆಲಿಫೋನ್ ಅಕ್ಕ ಇನ್ನೊಂದು ಮಾತು ಹೇಳಿದ್ದರು. "ನಮ್ಮ ಭಾಷೇಲಿ 'ಬೇಡ' ಅನ್ನೋದು ಕೊನೇಲಿ ಬರುತ್ತೆ. 'ದಾಟಬೇಡಿ' ಅನ್ನೋಕೆ ಹೋಗಿ ಗುಂಡಿ ಬೇಗ ಬಿಟ್ರೆ 'ದಾಟ' ಅಷ್ಟೇ ಹೋಗುತ್ತೆ. ಕೇಳಿದೋರು ದಾಟಿಬಿಡ್ತಾರೆ. ಅದಕ್ಕೇ 'ಬೇಡ'ವನ್ನ ಮೊದಲೇ ಹೇಳಿ, ಕೊನೇಲೂ ಹೇಳಿ."

ಈ ಮಳೆಗಾಲದ ಒಂದು ಬೆಳಿಗ್ಗೆ ತರಕಾರಿ ವ್ಯಾನು ಏಳು ಜನರನ್ನು ಕೂರಿಸಿಕೊಂಡು, ಸೇತುವೆ ದಾಟಲೆಂದು ಹೊಳೆಯ ಆಚೆ ದಡಕ್ಕೆ ಬಂದಿತ್ತು. ಅಲ್ಲಿ ನಮ್ಮ ಒಬ್ಬ ಸ್ವಯಂಸೇವಕ ನಿಂತಿದ್ದ. ಬಡಗಿ ಈಚೆ ದಡದಲ್ಲಿದ್ದ. ಶೆಡ್ಡಿನ ಸೆಟ್ಟಿನ ಮುಂದೆ ತಮ್ಮನ ಹೆಂಡತಿ ಕೂತಿದ್ದಳು.

"ಆಚೆ ದಡ, ಇದು ಈಚೆ ದಡ. ಬೇಡ, ಬೇಡ. ಸೇತುವೆ ಕಂಬ ಅಲುಗಾಡ್ತಿದೆ. ವ್ಯಾನ್ ದಾಟೋದು ಬೇಡ. ಓವರ್."

ಬಡಗಿ ಗುಂಡಿ ಬಿಟ್ಟ. "ವ್ಯಾನ್ ದಾಟೋದು ಬೇಡ, ತಿಳೀತು" ಎಂದು ಆಚೆಯಿಂದ ಉತ್ತರ ಬಂತು. ಅವಳು ಗಂಟೆ ನೋಡಿ ಬರೆದುಕೊಂಡಳು. ಹನ್ನೊಂದು ನಿಮಿಷದ ಮೇಲೆ ಸೇತುವೆ ಕುಸಿಯಿತು. ಏಳು ಜನ ಆಚೆ ದಡದಲ್ಲಿ ನೆನೆಯುತ್ತ ನಿಂತಿದ್ದರು.

ಸಂಜೆ ಬಡಗಿ ಶೆಡ್ಡಿಗೆ ಬಂದ. ಒಳ್ಳೆಯ ಕೆಲಸ ಮಾಡಿದೆ ಎಂದು ನಾನು ಹೇಳಿದೆ. "ಇಷ್ಟು ಸುಲಭಾನಾ ಮೇಷ್ಟ್ರೇ ಇದು?" ಎಂದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಇಂಥ ದಳವಿದ್ದರೆ ಸೇರಿ. ಸೇರಿದ ಮೇಲೆ ಹಗ್ಗ ಕಟ್ಟುವುದು, ದೋಣಿ ನಡೆಸುವುದು ಕಲಿತ ಹಾಗೆ ಸೆಟ್ಟಿನಲ್ಲಿ ಮಾತಾಡುವುದನ್ನೂ ಕಲಿಯಿರಿ. ನನಗೆ ಬರುತ್ತದೆ ಎನ್ನಬೇಡಿ, ನಮಗೂ ಬರುತ್ತದೆ ಎಂದೇ ತಿಳಿದಿದ್ದೆವು. ವಾರಕ್ಕೊಮ್ಮೆ ಅರ್ಧ ಗಂಟೆ ಅಭ್ಯಾಸ ಮಾಡಿ. ಒಂದು ಮಾತು ಹೇಳಿ ಗುಂಡಿ ಬಿಡಿ, ಬಿಟ್ಟು ಕಿವಿಗೊಡಿ. ನೀವು ಸುಮ್ಮನಿರುವ ಆ ಒಂದು ಕ್ಷಣದಲ್ಲಿ ಯಾರೋ ನಿಮ್ಮವರನ್ನು ಹಿಂದಕ್ಕೆ ಕರೆಯುತ್ತಿರಬಹುದು.