ಒಂದು ಹಲ್ಲಿನ ಹಟ

ನನ್ನ ಗಂಡ ಕೃಷ್ಣಯ್ಯ ಕಳಸದ ಹತ್ತಿರದ ನಮ್ಮೂರಿನ ಗಣಪತಿ ಗುಡಿಯ ಅರ್ಚಕರು. ಮೂವತ್ತು ವರ್ಷದಿಂದ ಪೂಜೆ ಮಾಡುತ್ತಿದ್ದಾರೆ, ಅಷ್ಟೇ ವರ್ಷದಿಂದ ನನ್ನ ಮಾತು ಕೇಳದೆ ಬದುಕಿದ್ದಾರೆ. ಅವರ ಒಂದು ಹಲ್ಲಿನ ವಿಷಯ ಎತ್ತಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಎರಡು ವರ್ಷದ ಹಿಂದೆ ನೈವೇದ್ಯದ ಪಾತ್ರೆ ಹಿಡಿದು ಹೋಗುವಾಗ ಜಾರಿ, ಗರ್ಭಗುಡಿಯ ಹೊಸ್ತಿಲಿಗೆ ಬಾಯಿ ಬಡಿದುಕೊಂಡರು. ಮೇಲಿನ ಸಾಲಿನ ಮುಂದಿನ ಹಲ್ಲು ಬೀಳಲಿಲ್ಲ, ನಿಧಾನಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಹೋದ ಮಳೆಗಾಲದಲ್ಲಿ ಅದರ ಒಸಡಿನ ಮೇಲೆ ಅವರೆಕಾಳಿನಷ್ಟು ಗುಳ್ಳೆ ಎದ್ದಿತು. ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಒಡೆದು ಕೀವು ಬಂತು, ನೋವು ಇಳಿಯಿತು.

“ವಾಸಿ ಆಯ್ತು ನೋಡು” ಅಂದರು.

“ಕೀವು ಹೊರಗೆ ಬಂದ್ರೆ ಬೇರು ವಾಸಿ ಆಗ್ತದಾ? ಕಾಫಿ ಗಿಡಕ್ಕೆ ಕಾಂಡಕೊರಕ ಹೊಕ್ಕಿದ್ರೆ ಎಲೆ ಒರೆಸಿ ಕೂರ್ತೀರಾ?”

ಅವರು ಹೂವಿನ ಬುಟ್ಟಿ ಎತ್ತಿಕೊಂಡು ಗುಡಿಗೆ ಹೊರಟರು. ಡಾಕ್ಟರ ಹತ್ತಿರ ಹೋಗದಿರುವ ಕಾರಣ ನನಗೆ ಗೊತ್ತಿತ್ತು. ಇವರಿಗಿಂತ ಮೊದಲು ಗುಡಿಯಲ್ಲಿದ್ದ ತಿಮ್ಮಪ್ಪಯ್ಯನವರ ಹಲ್ಲು ಉದುರಿ ಮಂತ್ರ ತೊದಲತೊಡಗಿದಾಗ ಊರವರು ನಕ್ಕಿದ್ದರು. ಕೊನೆಗೆ ಅವರ ಕೈಯ ಆರತಿ ತಟ್ಟೆ ಇವರ ಕೈಗೆ ಬಂದಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಕೀಳುತ್ತಾರೆ, ಹಲ್ಲು ಹೋದರೆ ಉಚ್ಚಾರ ಹೋಗುತ್ತದೆ, ಉಚ್ಚಾರ ಹೋದರೆ ಗುಡಿಯೂ ಹೋಗುತ್ತದೆ. ಇದು ಅವರ ತರ್ಕ.

“ನಿಮ್ಮ ದೇವ್ರಿಗೇ ಒಂದು ದಂತ ಮುರಿದಿದೆ. ಅವನನ್ನ ಯಾರಾದ್ರೂ ಗುಡಿ ಬಿಡಿಸಿದ್ರಾ?” ಎಂದೆ. ಎರಡು ದಿನ ಮಾತು ಬಿಟ್ಟರು. ನಾನೂ ಬಿಟ್ಟೆ.

ಗುಳ್ಳೆ ಮತ್ತೆ ನಾಲ್ಕು ಸಲ ಬಂತು. ಪ್ರತಿಸಲವೂ ಲವಂಗ, ಉಪ್ಪುನೀರು, ಮೆಡಿಕಲ್ ಶಾಪಿನಿಂದ ಎರಡು ದಿನದ ಮಾತ್ರೆ. ನೋವು ಇಳಿದರೆ ಉಳಿದ ಮಾತ್ರೆ ದೇವರ ಗೂಡಿಗೆ.

ಡಿಸೆಂಬರಿನ ಸಂಕಷ್ಟಿಯ ಬೆಳಿಗ್ಗೆ ಎದ್ದಾಗ ತುಟಿ ಬಾತಿತ್ತು. ಮಧ್ಯಾಹ್ನದ ಹೊತ್ತಿಗೆ ಬಲಗಣ್ಣು ಮುಚ್ಚಿಹೋಗಿ ಮೈ ಕೆಂಡವಾಗಿತ್ತು. ಆಗಲೂ ಮನುಷ್ಯ “ಪೂಜೆ ಮುಗಿಸಿ ಹೋಗುವ” ಅನ್ನುತ್ತಾರೆ. ಕೈಯಲ್ಲಿದ್ದ ಗಂಟೆ ಕಿತ್ತುಕೊಂಡೆ. ಮೈದುನ ಯಶವಂತನಿಗೆ ಫೋನ್ ಮಾಡಿ ಜೀಪು ತರಿಸಿದೆ.

ಮೂಡಿಗೆರೆಯ ಹಲ್ಲಿನ ಡಾಕ್ಟರ್ ಅರ್ಚನಾ ನೋಡಿದವರೇ ಕೈ ತೊಳೆದುಕೊಂಡರು. “ಊತ ಕಣ್ಣಿನವರೆಗೆ ಬಂದಿದೆ, ಜ್ವರ ಇದೆ. ಇದು ಇಲ್ಲಿ ಮಾಡೋದಲ್ಲ. ಈಗಲೇ ಮಂಗಳೂರಿಗೆ ಹೊರಡಿ. ತಡ ಆದ್ರೆ ಜೀವಕ್ಕೇ ಅಪಾಯ.”

ಮಂಗಳೂರಿನಲ್ಲಿ ಕೊಯ್ದು ಕೀವು ತೆಗೆದರು, ಐದು ದಿನ ಡ್ರಿಪ್ ಹಾಕಿದರು. ಪಕ್ಕದ ಹಲ್ಲಿನ ಎಲುಬೂ ಕರಗಿದ್ದರಿಂದ ಒಂದರ ಬದಲು ಎರಡು ಹಲ್ಲು ಹೋದವು.

ಗಾಯ ತೋರಿಸಲು ಅರ್ಚನಾ ಹತ್ತಿರ ಹೋದಾಗ ಇವರು ಕೇಳಿದರು: “ಮೊದ್ಲೇ ಬಂದಿದ್ರೂ ಕೀಳ್ತಿದ್ರಿ ಅಲ್ವಾ?”

“ಇಲ್ಲ. ಬೇರಿನ ಒಳಗೆ ಸ್ವಚ್ಛ ಮಾಡಿ ಮುಚ್ಚಿಬಿಡ್ತಿದ್ದೆ. ಹಲ್ಲು ಬಾಯಲ್ಲೇ ಇರ್ತಿತ್ತು. ಬರೀ ಮಾತ್ರೆಯಿಂದ ಮೂಲ ಹೋಗಲ್ಲ.”

ಜೀಪು ಕೊಟ್ಟಿಗೆಹಾರ ದಾಟುವವರೆಗೂ ನಾನು ಬೈಯುವುದನ್ನು ನಿಲ್ಲಿಸಲಿಲ್ಲ. ಅವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ಕಟ್ಟಿಸುವ ಹಲ್ಲು ಬರಲು ಇನ್ನೂ ಎರಡು ತಿಂಗಳಿತ್ತು. ಮುಂದಿನ ಸಂಕಷ್ಟಿಗೆ ಗುಡಿ ತುಂಬಾ ಜನ. ಸಂಕಲ್ಪ ಶುರುವಾಯಿತು. ಒಂದೊಂದು ತಕಾರಕ್ಕೂ ದಕಾರಕ್ಕೂ ಹಲ್ಲಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ನಾನು ಜನರ ಮುಖ ನೋಡುತ್ತಾ ನಿಂತೆ, ಯಾರಾದರೂ ನಕ್ಕರೆ ಸುಮ್ಮನೆ ಬಿಡಬಾರದು ಎಂದು. ಒಬ್ಬರು ಮೊಬೈಲ್ ಒರೆಸುತ್ತಿದ್ದರು. ಇಬ್ಬರು ಮೆಣಸಿನ ರೇಟು ಮಾತಾಡುತ್ತಿದ್ದರು. “ಪ್ರಸಾದ ಬೇಗ ಕೊಡಿ ಭಟ್ರೇ, ಹೊರನಾಡಿಗೆ ಹೋಗ್ಬೇಕು” ಎಂದಳು ಒಬ್ಬಳು. ಈ ಜನಕ್ಕೆ ಹೆದರಿ ಇವರು ಜೀವ ಕಳೆದುಕೊಳ್ಳುವುದರಲ್ಲಿದ್ದರು.

ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು, “ಗೊತ್ತಾಯ್ತಾ ಅವ್ರಿಗೆ?”

“ಯಾರಿಗೂ ಗೊತ್ತಾಗ್ಲಿಲ್ಲ.”

ಅವರಿಗೆ ಸಮಾಧಾನವಾಗಬೇಕಿತ್ತು. ಮುಖ ಇಳಿದುಹೋಯಿತು.

“ಹಾಗಾದ್ರೆ ಮೊದ್ಲೂ ನನ್ನ ಮಂತ್ರ ಯಾರೂ ಕೇಳ್ತಿರ್ಲಿಲ್ವಾ, ಕಾತ್ಯಾಯಿನಿ?”

“ನಾನು ಕೇಳ್ತಿದ್ದೆ” ಎಂದೆ. ಅದನ್ನೂ ಸಿಟ್ಟಿನಲ್ಲೇ ಹೇಳಿದೆ.